ನೇರಳೆ ಹೆಬ್ಬೆಟ್ಟು

ಆಟಿಯ ಎಂಟನೇ ದಿನವೂ ಒಣಗದ ಚೂಡಿದಾರಕ್ಕೆ
ಇಸ್ತ್ರಿ ಒತ್ತಿದರೆ ಹಬೆ, ಹಬೆಯೊಳಗೆ ಬೂಷ್ಟಿನ ವಾಸನೆ.
ಅದನ್ನೇ ಹಾಕಿಕೊಂಡು ಹೊರಟೆ.
ಅಮ್ಮ ಸೋರುವ ಹೆಂಚಿನ ಕೆಳಗೆ
ಪಾತ್ರೆಯ ಜಾಗ ಬದಲಿಸುತ್ತ
"ಗೋದಾಮಿನಲ್ಲಿ ಟಾರ್ಪಾಲು ರಾಶಿ ಬಿದ್ದಿದೆಯಂತೆ" ಅಂದಳು,
ನನಗಲ್ಲ, ಪಾತ್ರೆಗೆ.

ಬಲ್ಮಠದ ಆಫೀಸಿನಲ್ಲಿ ಎಂಟೂವರೆಗೆ ಪ್ರಾರ್ಥನೆ.
ಸಾಲಿನ್ಸ್ ಸರ್ ಕಣ್ಣು ಮುಚ್ಚಿದರೆ ಬೇಗ ತೆರೆಯುವವರಲ್ಲ.
ಹೊರಗೆ ಇಸ್ಮಾಲಿಚ್ಚ ಟೆಂಪೊ ಸ್ಟಾರ್ಟ್ ಮಾಡಿಟ್ಟು
ಆಮೆನ್‌ಗೆ ಸರಿಯಾಗಿ ಹಾರ್ನ್ ಒತ್ತುತ್ತಾರೆ.
ಆರು ವರ್ಷದಲ್ಲಿ ಅವರ ಲೆಕ್ಕ ತಪ್ಪಿದ್ದು ಎರಡೇ ಸಲ.
"ಪೋಯಿ ಅಕ್ಕ, ಕೂಳೂರಿನಲ್ಲಿ ನೀರು ಏರ್ತಾ ಉಂಟು."

ಸೇತುವೆಯ ಕೆಳಗೆ ತಗಡಿನ ಶೆಡ್ಡು ಮೂವತ್ತೊಂಬತ್ತು.
ಕುಷ್ಟಗಿಯವರು, ಹುನಗುಂದದವರು,
ಊರಲ್ಲಿ ಮೋಡ ಎಣಿಸಿ ರೂಢಿ ಇದ್ದವರು.
ಇಲ್ಲಿ ಎಣಿಸುವುದನ್ನು ಬಿಟ್ಟಿದ್ದಾರೆ.
ಮಂಚದ ಮೇಲೆ ಒಲೆ, ಒಲೆಯ ಪಕ್ಕ ಮಗು,
ಮಗುವಿನ ಪಕ್ಕ ಒಂದು ಕೋಳಿ, ಅದೂ ಮೌನ.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು
ಕೊಳೆತ ಬೆರಳಸಂದಿಗಳಿಗೆ ನೇರಳೆ ಔಷಧಿ ಹಚ್ಚುತ್ತೇನೆ.
ಕರ್ತನು ಶಿಷ್ಯರ ಕಾಲು ತೊಳೆದದ್ದು ನೆನಪಾಗುವುದು
ರಾತ್ರಿ ಮನೆಯಲ್ಲಿ, ಗಂಜಿಯ ಮುಂದೆ.
ಇಲ್ಲಿ ನೆನಪಾಗುವುದು ಹತ್ತಿ ಸಾಲದು ಎಂಬುದು,
ಇನ್ನೂ ಇಪ್ಪತ್ತೆರಡು ಕಾಲು ಇವೆ ಎಂಬುದು.

ಆಮೇಲೆ ರಿಜಿಸ್ಟರು.
ಹೆಸರು, ಶೆಡ್ಡು, ತಲೆ ಎಷ್ಟು, ಕೊನೆಗೆ ಹೆಬ್ಬೆಟ್ಟು.
ಗೆರೆ ಕಾಣುವಂತೆ ಇರಬೇಕು:
"ಕಲೆ ಸಾಕ್ಷಿಯಲ್ಲ" ಎಂದು ಹೋದ ವರ್ಷ
ಆಡಿಟರು ಕೆಂಪಿನಲ್ಲಿ ಬರೆದಿದ್ದಾರೆ.
ಸ್ಟ್ಯಾಂಪ್ ಪ್ಯಾಡು ಟೆಂಪೊದಲ್ಲೇ ಈಜಿ ಬಿಳಿಚಿತ್ತು,
ಕಾಲಿನ ಔಷಧಿಯನ್ನೇ ಶಾಯಿ ಮಾಡಿದೆ.

ಮಲ್ಲವ್ವ ಒತ್ತಿದಳು.
ನಾಲ್ಕು ದಿನ ನೀರಲ್ಲಿದ್ದ ಬೆರಳು,
ನೆನೆಸಿಟ್ಟ ಕಡಲೆಯ ಹಾಗೆ.
ಕಾಗದದ ಮೇಲೆ ಒಂದು ನೇರಳೆ ಮೋಡ, ಅಷ್ಟೇ.
ಮತ್ತೆ ಒತ್ತಿದಳು. ಮತ್ತೊಂದು ಮೋಡ.
"ಬಟ್ಟು ಮೂಡವಲ್ದ್ರಿ ಯಕ್ಕಾ.
ಬಟ್ಟಿಲ್ಲಂದ್ರ ತಾಡಪತ್ರಿ ಇಲ್ಲೇನು?"

ನನ್ನ ಹೆಬ್ಬೆರಳನ್ನು ಅಕ್ಕಿಚೀಲದ ಒಣ ಮೂಲೆಗೆ ತಿಕ್ಕಿ
ಅವಳ ಹೆಸರಿನ ಮುಂದೆ ಒತ್ತಿದೆ.
ಗೆರೆಗಳು ಮೂಡಿದವು, ಚೆಂದಕ್ಕೆ.
ಹಾಗೇ ಹಣಮವ್ವನಿಗೆ.
ಹಾಗೇ ಕೈ ನಡುಗುವ ಯಮನಪ್ಪಜ್ಜನಿಗೆ.
ಇಸ್ಮಾಲಿಚ್ಚ ಟಯರು ನೋಡುವವರ ಹಾಗೆ
ಬೆನ್ನು ತಿರುಗಿಸಿ ನಿಂತರು.

ತಂದದ್ದು ನಲವತ್ತು ಟಾರ್ಪಾಲು. ಒಂದು ಉಳಿಯಿತು.
ಸೀಟಿನ ಮೇಲೆ ನನ್ನ ಪಕ್ಕವೇ ಕೂತು ಬಂತು,
ಬಂಟ್ಸ್ ಹಾಸ್ಟೆಲಿನ ಸರ್ಕಲ್ಲು ದಾಟುವವರೆಗೂ
ಅದರ ಮೇಲೆ ನನ್ನ ಕೈ ಇತ್ತು.
ಗೋದಾಮಿನ ಪುಸ್ತಕದಲ್ಲಿ ಬರೆದೆ: ಉಳಿಕೆ, ೧.
ಅಮ್ಮ ಏನೂ ಕೇಳಲಿಲ್ಲ.
ರಾತ್ರಿಯಿಡೀ ಪಾತ್ರೆ ಕೇಳಿತು.

ಭಾನುವಾರಕ್ಕೂ ಬಣ್ಣ ಹೋಗಿರಲಿಲ್ಲ.
ಸಾಬೂನು, ಸೀಮೆಎಣ್ಣೆ, ಲಿಂಬೆಸಿಪ್ಪೆ, ಯಾವುದಕ್ಕೂ ಇಲ್ಲ.
ಪಕ್ಕದ ಬೆಂಚಿನ ಸುಗುಣಾ ಆಂಟಿ ಬಾಗಿ
"ಯಾವ ಎಲೆಕ್ಷನ್ ಮಾರಾಯ್ತಿ?" ಎಂದರು.
ಪ್ರಭುಭೋಜನಕ್ಕೆ ಮೊಣಕಾಲೂರಿ ಅಂಗೈ ಚಾಚಿದಾಗ
ಪಾಸ್ಟರು ಒಂದು ಗಳಿಗೆ ಆ ಬೆರಳನ್ನೇ ನೋಡಿದರು.
ರೊಟ್ಟಿಯ ತುಣುಕು ಇಟ್ಟರು.
ಅದರ ಅಂಚಿಗೆ ಬಣ್ಣ ತಾಗಿತೋ ಏನೋ,
ಹಾಗೇ ತಿಂದೆ.

ನವೆಂಬರದ ಬಿಸಿಲಲ್ಲಿ ಆಡಿಟರು ಬಂದರು.
ಕನ್ನಡಕವನ್ನು ಹಣೆಗೇರಿಸಿ, ಪುಟಕ್ಕೆ ಮೂಗು ತಾಗಿಸಿ
"ಹದಿನೇಳು, ಹದಿನೆಂಟು, ಇಪ್ಪತ್ತಾರು,
ಇವು ಮೂರೂ ಒಂದೇ ತರ ಕಾಣ್ತಾವಲ್ಲ?"
ಮಲ್ಲವ್ವನ ಶೆಡ್ಡಿದ್ದಲ್ಲಿ ಈಗ ಜಲ್ಲಿಯ ರಾಶಿ.
ಎಲ್ಲಿ ಹೋದಳೆಂದು ಇಸ್ಮಾಲಿಚ್ಚನಿಗೂ ಗೊತ್ತಿಲ್ಲ.
"ಮಳೆಗಾಲದಲ್ಲಿ ಎಲ್ಲರದೂ ಒಂದೇ ತರ ಸರ್" ಎಂದೆ.
ಅವರು ನಗಲೂ ಇಲ್ಲ, ಬರೆಯಲೂ ಇಲ್ಲ.
"ಕೆಳಗೆ ನಿಮ್ಮದೊಂದು ಸಹಿ."

ಹಾಕಿದೆ,
ಹೆಬ್ಬೆರಳನ್ನು ಆದಷ್ಟೂ
ಪೆನ್ನಿನ ಹಿಂದಕ್ಕೆ ಮಡಚಿ.